ಯಾರದೂ ಅಲ್ಲದ ಗುಡ್ಡ

ಬೆಳಿಗ್ಗೆ ಎದ್ದೆ. ಅಂಗಳ ಸಾರಿಸಿದೆ. ರಂಗೋಲಿ ಹಾಕಿ, ಒಲೆ ಹೊತ್ತಿಸಿ, ಹಾಲಿಟ್ಟೆ. ಸೋಮವಾರ. ಎತ್ತುಗಳ ಹೆಗಲಿಗೆ ನೊಗವಿಲ್ಲದ ದಿನ. ಓಣಿಯಲ್ಲಿ ಕೊರಳಗಂಟೆಯ ಸದ್ದೂ ಇರಲಿಲ್ಲ. ಹಾಲು ಇನ್ನೇನು ಉಕ್ಕಬೇಕು, ಹಿತ್ತಲ ಬಾಗಿಲಲ್ಲಿ ಗಂಗವ್ವ ಬಂದು ನಿಂತಳು.

ತಲೆಯ ಮೇಲೆ ಸಿಂಬಿ ಇತ್ತು. ಸಿಂಬಿಯ ಮೇಲೆ ಹೊರೆ ಇರಲಿಲ್ಲ.

(ಹಾಲು ಉಕ್ಕಿತು. ಉಕ್ಕಲಿ ಬಿಡಿ.)

ಗಂಗವ್ವ ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿದ ಮನೆಯ ನೇಕಾರತಿ. ಗಜೇಂದ್ರಗಡದ ಈ ಕಡೆಯ ನಮ್ಮೂರಿನಲ್ಲಿ ಅವಳ ಕೆಂಪು ಸೀರೆ ಉಡದೆ ಮದುವೆಯಾದವಳು ಇಲ್ಲ. ಪ್ರತಿ ಸೋಮವಾರ ನಸುಕಿನಲ್ಲಿ ಓಣಿಯ ಹೆಂಗಸರ ಜೊತೆ ಊರ ಗುಡ್ಡಕ್ಕೆ ಹೋಗಿ ಒಣಕಟ್ಟಿಗೆ ಹೊತ್ತು ತರುತ್ತಾಳೆ. ನೂಲಿಗೆ ಬಣ್ಣ ಕುದಿಸಲು.

"ಏನಾತ ಗಂಗವ್ವ?"

"ಕುಡಗೋಲ ಕಸಕೊಂಡ್ರವ್ವಾ. ಹಗ್ಗಾನೂ ಕಸಕೊಂಡ್ರು. ಸಿಂಬಿ ಒಂದ ಬಿಟ್ಟಾರ. ಹರಕ ಸೀರಿ ಸಿಂಬಿ ತಗೊಂಡ ಏನ ಮಾಡ್ತಾರ, ಪಟಗಾ ಸುತ್ತಿಗೋತಾರ?"

"ಯಾರು?"

"ಗುತ್ತಿಗಿದಾರನ ಆಳುಗಳು. ಗುಡ್ಡ ಸರ್ಕಾರದ್ದಂತ, ಸರ್ಕಾರ ಆತಗ ಬರಕೊಟ್ಟೈತಂತ. ಒಣಾ ಕಟಗೀನೋ ಯಪ್ಪಾ ಅಂದೆ. ಒಣಾದ್ರೇನ, ಹಸೀದಾದ್ರೇನ, ಕಳವ ಕಳವ ಅಂದ. ನನಗ ಕಳ್ಳಿ ಅಂದನವ್ವಾ, ಆ ಮೀಸಿ ಮೂಡದಾಂವ!"

ನಕ್ಕಳು. ಆದರೆ ಸಿಂಬಿಯನ್ನು ಹಿಂಡುತ್ತಲೇ ಇದ್ದಳು, ಒದ್ದೆ ಬಟ್ಟೆ ಹಿಂಡುವ ಹಾಗೆ.

ಅವಳ ಹಂಡೆಯಲ್ಲಿ ಆಗಲೇ ನೂಲು ಇಳಿದಿತ್ತು. ಸುರಂಜಿ ಬೇರಿನ ಕೆಂಪು, ಮದುಮಗಳ ಸೀರೆಗೆ. ಆ ಬಣ್ಣಕ್ಕೆ ಬೆಂಕಿ ಸಂಜೆಯತನಕ ಒಂದೇ ಹದದಲ್ಲಿ ಇರಬೇಕು. ನಡುವೆ ಒಲೆ ತಣ್ಣಗಾದರೆ ನೂಲು ಪಟ್ಟೆಪಟ್ಟೆಯಾಗುತ್ತದೆ. ಪಟ್ಟೆ ಬಿದ್ದ ನೂಲಿನ ಸೀರೆಯನ್ನು ಯಾವ ಬೀಗರು ಒಪ್ಪುತ್ತಾರೆ? ನನ್ನ ಅಡುಗೆಮನೆಯ ಕಟ್ಟಿಗೆಯನ್ನೆಲ್ಲ ಹೊರಿಸಿ ಕಳಿಸಿದೆ. (ನಮ್ಮ ಮನೆಯಲ್ಲಿ ಅವತ್ತು ನೆನೆಸಿದ ಅವಲಕ್ಕಿ. ಮನೆಯವರು ಮಾತಾಡದೆ ತಿಂದರು. ಅರಳೆ ವ್ಯಾಪಾರಿಗಳು ಮನೆಯಲ್ಲಿ ಮಾತು ಖರ್ಚು ಮಾಡುವುದಿಲ್ಲ.)

ಗುಡ್ಡ ಸರ್ಕಾರದ್ದು ಯಾವಾಗ ಆಯಿತು? ಯುದ್ಧವಾಯಿತೇ? ಯಾರಾದರೂ ಮಾರಿದರೇ? ಇಲ್ಲ. ನಾವೇ ಕೊಟ್ಟೆವು. ನಗುನಗುತ್ತ ಕೊಟ್ಟೆವು.

ನಮ್ಮ ಗುಡ್ಡಕ್ಕೆ ಒಂದು ರೂಲು ಉಂಟು. ಯುಗಾದಿಗೆ ಊರು ಕೂತು ಗುಡ್ಡದ ಒಂದು ಮಗ್ಗುಲನ್ನು 'ಮಲಗಿಸುತ್ತದೆ'. ಮಲಗಿದ ಮಗ್ಗುಲಿಗೆ ಆಡು ಕೂಡ ಕಾಲಿಡುವಂತಿಲ್ಲ. ತೆರೆದ ಮಗ್ಗುಲಲ್ಲಿ ಒಣಗಿದ್ದು ಮಾತ್ರ. ಮತ್ತೆ, ಗುಡ್ಡದ ಮೇಲೆ ಯಾರೂ 'ನಂದು' ಅನ್ನಬಾರದು. ಅಂದವಳು ಅಲ್ಲೇ ಹೊರೆ ಬಿಚ್ಚಿ ಎಲ್ಲರಿಗೂ ಹಂಚಿ ಬರಿತಲೆಯಲ್ಲಿ ಇಳಿಯಬೇಕು. ಇಳಿಯುವ ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಸಿಕ್ಕಿಸುವ ಆಟವೇ ಆಟ. "ಇದು ಯಾರ ಹೊರಿ ಬೇ?" ಎಂದು ಮೆಲ್ಲಗೆ ಕೇಳುವುದು. ಹೊಸ ಸೊಸೆಯಂದಿರು "ನಂದ್ರೀ" ಎಂದು ಬೀಳುವುದು. ಹಟ ಮಾಡಿ ಒಮ್ಮೆ ನಾನೂ ಹೋಗಿದ್ದೆ. ಬಿದ್ದೆ.

ಹೋದ ಸುಗ್ಗಿಯಲ್ಲಿ ಸರಪಳಿ ಎಳೆದುಕೊಂಡು ಸರ್ವೆಯವರು ಬಂದರು. ಊರೆಲ್ಲ ಅಗಸಿಕಟ್ಟೆಗೆ ಸೇರಿತು. ಸಾಹೇಬರ ಪರವಾಗಿ ಕಾರಕೂನ ಕೇಳಿದ: "ಈ ಗುಡ್ಡ ಯಾರದು?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಎಲಾ, ಇವನಿಗೂ ಈ ಆಟ ಗೊತ್ತಲ್ಲ! ಗೌಡರು ಮೀಸೆಯಡಿಯಲ್ಲಿ ನಗುತ್ತ, "ಯಾರದೂ ಅಲ್ರಿ" ಅಂದರು. ಅವರ ಹಿಂದೆ ಎಲ್ಲರೂ, "ಯಾರದೂ ಅಲ್ರಿ, ಯಾರದೂ ಅಲ್ರಿ."

ಆಟ ಗೆದ್ದೆವು ಎಂದು ಮನೆಗೆ ಬಂದೆವು.

ಮಧ್ಯಾಹ್ನದ ಹೊತ್ತಿಗೆ ನಾನು ಕೊಟ್ಟ ಕಟ್ಟಿಗೆ ಮುಗಿಯುತ್ತ ಬಂತು. ಸೆರಗು ಹೊದ್ದು ಗಂಗವ್ವನನ್ನು ಕರೆದುಕೊಂಡು ಚಾವಡಿಗೆ ಹೋದೆ. ವ್ಯಾಪಾರಸ್ಥರ ಮನೆಯ ಹೆಂಗಸು ಚಾವಡಿ ಹತ್ತುವುದೇ? ಹತ್ತಿದೆ. ಅದೇ ಕಾರಕೂನ. ಕುಡುಗೋಲು ಅವನ ಕಾಲಬುಡದಲ್ಲೇ ಬಿದ್ದಿತ್ತು.

"ಗುಡ್ಡಾ ನಾವ್ ಕಸಗೊಂಡಿಲ್ರೀ ಬಾಯಾರ. ನಿಮ್ಮ ಗೌಡ್ರ ಹೇಳ್ಯಾರ, ಯಾರದೂ ಅಲ್ಲ ಅಂತ. ಯಾರದೂ ಅಲ್ಲದ್ದು ಸರ್ಕಾರದ್ದು. ವೇಸ್ಟ್ ಲ್ಯಾಂಡ್."

ಇಂಗ್ಲಿಷ್ ನನಗೆ ಬರುವುದಿಲ್ಲ ಎಂದುಕೊಂಡನೋ ಏನೋ. ಪಾದ್ರಿಗಳ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಲಿತವಳು ನಾನು. ತಾಟಿನಲ್ಲಿ ಅನ್ನ ಬಿಟ್ಟೆದ್ದರೆ ಮಿಸ್ಸಮ್ಮ ಅನ್ನುತ್ತಿದ್ದ ಮಾತದು. ಮುಂದಿನ ವರ್ಷದವರಿಗೆಂದು ಕೈಮುಟ್ಟದೆ ಕಾಯ್ದ ಮಗ್ಗುಲು ವೇಸ್ಟ್ ಹೇಗಾಯಿತು ಸ್ವಾಮಿ? ಬೋಳಿಸಿ ಹತ್ತಿ ಬಿತ್ತಿದ್ದರೆ ಮಾತ್ರ ಅದು ನೆಲವೇ? ಅಬ್ಬಿಗೇರಿಯತನಕ ನೋಡಿ, ಈಗಲೇ ಗಾಡಿ ನಿಲ್ಲಿಸಲು ನೆರಳಿಲ್ಲ.

ಇದನ್ನೆಲ್ಲ ಕೇಳಿದೆ. ನನ್ನ ದನಿ ನನಗೇ ಹೊಸದಾಗಿತ್ತು. ಕಾರಕೂನ ಕೆಟ್ಟವನಲ್ಲ. (ಅದೇ ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು.) ಗಂಗವ್ವನ ಕಡೆ ತಿರುಗಿ ಹೇಳಿದ:

"ಹಾದಿ ಐತಿ. ಗುಡ್ಡ ನಂದು, ನಮ್ಮಜ್ಜನ ಕಾಲದಿಂದ ಉಣ್ಣಾಕತ್ತೇನಿ ಅಂತ ಹೇಳು. ಬರ್ಕೋತೀನಿ. ಕುಡಗೋಲ ಈಗಿಂದೀಗ ತಗೊಂಡ ಹೋಗು."

ಗಂಗವ್ವ ಕುಡುಗೋಲು ನೋಡಿದಳು. ಹೊರಗೆ ಬಿಸಿಲು ನೋಡಿದಳು. ಅಲ್ಲಿ ಹಂಡೆಯ ಕೆಳಗೆ ಬೆಂಕಿ ಇಳಿಯುತ್ತಿತ್ತು. 'ಹೇಳೇ, ಹೇಳಿಬಿಡೇ' ಎಂದು ನಾನೇ ಅವಳ ಮೊಣಕೈ ಚಿವುಟಿದೆ.

"ನಂದು ಅಂದ್ರ ಉಳದವ್ರದು ಅಲ್ಲ ಅಂದಂಗ ಆತಲ್ರಿ, ಸಾಹೇಬ್ರ," ಅಂದಳು. "ನಾಳಿ ಯಾವ ಮಾರಿ ಹೊತ್ತ ಓಣ್ಯಾಗ ತಿರಗಲಿ?"

"ಹಂಗಾರ ನಾ ಏನ್ ಮಾಡ್ಲಿ?"

"ಊರಂದು ಅಂತ ಬರಕೋರಿ."

"ಹಂಗ ಬರಿಯಾಕ ದಫ್ತರದಾಗ ಜಾಗಾ ಇಲ್ಲವ್ವ."

ಜಾಗವಿಲ್ಲವಂತೆ! ಇಡೀ ಗುಡ್ಡವನ್ನು ಬರೆದುಕೊಂಡವರಿಗೆ, ಊರು ಎಂಬ ಎರಡಕ್ಷರಕ್ಕೆ ಜಾಗವಿಲ್ಲ. ಒಬ್ಬರದ್ದಾದರೆ ಸರಿ, ಸರ್ಕಾರದ್ದಾದರೆ ಸರಿ. ಎಲ್ಲರದ್ದು ಎಂಬುದು ಎಲ್ಲಿಯೂ ಸಲ್ಲದು. ನಾಳೆ ನಿಮ್ಮೂರ ಕೆರೆ ಯಾರದೆಂದು ಕೇಳಲು ಬರುತ್ತಾರೆ. ನೀವು ಏನನ್ನುತ್ತೀರಿ? ನಗುತ್ತೀರಾ?

ನಾವು ಮರಳುವಷ್ಟರಲ್ಲಿ ಒಲೆ ತಣ್ಣಗಾಗಿತ್ತು. ಗಂಗವ್ವ ನೂಲಿನ ಲಡಿಯನ್ನು ಕೋಲಿನಿಂದ ಎತ್ತಿದಳು. ಒಂದು ಕಡೆ ಕುಂಕುಮ, ಒಂದು ಕಡೆ ಕಲಸಿದ ಕೆಮ್ಮಣ್ಣು. ಮೆಲ್ಲಗೆ ಹಂಡೆಗೇ ಇಳಿಬಿಟ್ಟಳು, ಮಲಗಿದ ಕೂಸನ್ನು ಇಳಿಸುವಂತೆ.

ಸಂಜೆ ದೀಪ ಹಚ್ಚುತ್ತಿದ್ದೆ. ಎದುರುಮನೆ ತುಂಗಾಬಾಯಿ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಅಂದರು:

"ನರೇಗಲ್ ಸಂತಿಗೆ ನಮ್ಮ ಗುಡ್ಡದ ಕಟಗಿ ಮಾರಾಕ ಬರ್ತಾವಂತ್ರಿ. ಭಾಳ ಚಲೋ ಇರ್ತಾವ. ನಿಮಗೂ ಒಂದ ಗಾಡಿ ಹೇಳ್ಲೇನ?"