ಸೊಸೆಯನ್ನು ಸೊಸೆ ಮಾಡಿಕೊಳ್ಳಲಿಲ್ಲ

ಬೇಸಿಗೆಯಲ್ಲಿ ಒಂದು ದಿನ ನಮ್ಮಣ್ಣ ಅಬ್ಬಿಗೇರಿಯಿಂದ ನರಗುಂದದ ನಮ್ಮ ಮನೆಗೆ ಬಂದ. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ತಂಗಿ, ಅಶ್ವಿನಿನ್ನ ಮನಿ ತುಂಬಿಸ್ಕೊಂಡು ಬಿಡು" ಅಂದ.

ಅಶ್ವಿನಿ ಅವನ ದೊಡ್ಡ ಮಗಳು. ಗಜೇಂದ್ರಗಡದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಕೊನೇ ವರ್ಷ ಓದುತ್ತಿದ್ದಳು. ಗಂಡು ನನ್ನ ಮಗ ಮಂಜುನಾಥ, ಇಲ್ಲೇ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ.

ನಮ್ಮ ಕಡೆ ಇದೇನು ಹೊಸದಲ್ಲ. ಅಣ್ಣನ ಮಗಳಿಗೂ ಸೊಸೆ ಅಂತಾರೆ, ಮಗನ ಹೆಂಡತಿಗೂ ಸೊಸೆ ಅಂತಾರೆ. ಆಮೇಲೆ ಬದಲಾಯಿಸುವ ತ್ರಾಸ ಬೇಡ ಅಂತ ಹಿರಿಯರು ಎರಡಕ್ಕೂ ಒಂದೇ ಶಬ್ದ ಇಟ್ಟಿರಬೇಕು.

ನಮ್ಮ ಮನೆಯವರು, "ಗೊತ್ತಿದ್ದ ಹುಡುಗಿ, ಚಲೋ ಆಯ್ತು" ಅಂದರು. ಮಂಜುನಾಥನನ್ನು ಕೇಳಿದೆ. "ನೀವು ಹ್ಯಾಂಗ ಅಂತೀರಿ ಹಂಗ" ಅಂದ, ಮೊಬೈಲಿನಿಂದ ತಲೆ ಎತ್ತದೆ.

ಖರೇ ಹೇಳಬೇಕಂದರೆ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ನನಗೆ.

ಅಶ್ವಿನಿಗೂ ಅವಳ ತಂಗಿ ಭೀಮಾಂಬಿಕಾಗೂ ಹೆಸರಿಟ್ಟವಳು ನಾನು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಎರಡು ಸಲವೂ ಮನಸ್ಸಿಟ್ಟು ಗುದ್ದಿದರು. ಅಶ್ವಿನಿಯ ಸಲದ್ದು ಚಳಿಗಾಲದಲ್ಲಿ ಈಗಲೂ ನೆನಪಾಗುತ್ತದೆ.

ಸೂಟಿ ಬಿಟ್ಟರೆ ಇಬ್ಬರೂ ನಮ್ಮ ಮನೆಗೇ ಬರುತ್ತಿದ್ದರು. ಹಾಲಿನ ಕೆನೆಗೆ ಜಗಳ. ಮಲಗಿದಾಗ ನನ್ನ ಮುಖ ಯಾರ ಕಡೆ ಇರಬೇಕು ಅಂತ ಜಗಳ. ನಾನು ಅಂಗಾತ ಮಲಗಿ ನ್ಯಾಯ ಕಾಪಾಡುತ್ತಿದ್ದೆ.

ಹೈಸ್ಕೂಲಿಗೆ ಬಂದ ಮೇಲೆ ಇಬ್ಬರೂ ಬೇರೆ ಚಾಪೆ ಹಾಸಿಕೊಂಡರು. ಮೊಬೈಲಿಗೆ ಲಾಕ್ ಬಂತು. ಬಸ್ ಹತ್ತಿಸಲು ಹೋದರೆ "ಅತ್ತಿ, ನಾವ ಹೋಗ್ತೀವಿ, ನೀ ಮನಿಗೆ ಹೋಗು" ಅನ್ನತೊಡಗಿದರು.

ನಾನು ಮನೆಗೆ ಹೋದೆ.

ಹೀಗಿರುವಾಗ ದೊಡ್ಡವಳು ಕಾಯಂ ಆಗಿ ನಮ್ಮಲ್ಲಿಗೇ ಬರುತ್ತಾಳೆ ಅಂದರೆ... ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಮರುದಿನ ಸಣ್ಣವಳು, ನಮ್ಮ ಭೀಮಿ, ಫೋನ್ ಮಾಡಿದಳು.

"ಅತ್ತಿ, ಅಕ್ಕ ಫೋನ್ ಮಾಡಿ ಬರೇ ಅಳಾಕತ್ತಾಳ. ಅಕಿಗೆ ಈ ಲಗ್ನ ಬ್ಯಾಡಂತ. ಆದ್ರ ನಿನಗ ಕೆಟ್ಟ ಅನಸ್ತೈತಿ ಅಂತ ಹೂಂ ಅನ್ನಾಕಿ ಅದಾಳ. ನಾ ಹೇಳೀನಿ ಅಂತ ಹೇಳಬ್ಯಾಡ ಮತ್ತ."

ಸೀರೆ ನೋಡಿ ಬರುತ್ತೇನೆ ಅಂತ ಹೇಳಿ, ರೋಣದಲ್ಲಿ ಬಸ್ ಬದಲಿಸಿ ಗಜೇಂದ್ರಗಡಕ್ಕೆ ಹೋದೆ. ಹೆಂಗಸರಿಗೆ ಟಿಕೆಟ್ ಫ್ರೀ ಇರುವುದರಿಂದ ಮನೆಯಲ್ಲಿ ಯಾರೂ ಹೆಚ್ಚು ಕೇಳಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅಶ್ವಿನಿಯನ್ನು ಕೂರಿಸಿ ಮಿರ್ಚಿ ಭಜಿ ಹೇಳಿದೆ. "ಒಲ್ಲೆ ಅಂದ್ರ ಒಲ್ಲೆ ಅನ್ನು. ನನ್ನ ಮಾರಿ ನೋಡಬ್ಯಾಡ" ಅಂದೆ.

ಭಜಿಯ ತುದಿ ಮುರಿದಳು. "ಮಂಜ್ಯಾ ಕೆಟ್ಟಾವ ಅಲ್ಲ ಅತ್ತಿ. ಆದ್ರ ಅವನ ಜೋಡಿ ಏನ ಮಾತಾಡಬೇಕು ನನಗ ತಿಳಿಯಂಗಿಲ್ಲ. ನನಗ ಬಿಎಡ್ ಮಾಡೂದೈತಿ."

ಅವನ ಜೊತೆ ಏನು ಮಾತಾಡಬೇಕು ಅಂತ ಹೆತ್ತ ನನಗೂ ಇನ್ನೂ ತಿಳಿದಿಲ್ಲ. ಹೇಳಲಿಲ್ಲ.

"ಮತ್ತ..." ಅಂದಳು. "ನೀ ಈಗ ಅತ್ತಿ ಅದಿ. ಆಮ್ಯಾಲೆ ಬ್ಯಾರೆ ಅತ್ತಿ ಆಗ್ತಿ. ಅತ್ತಿ ಮನ್ಯಾಗ ತ್ರಾಸ ಆದ್ರ ನಾ ಯಾವ ಅತ್ತಿ ಮನಿಗೆ ಬರ್ಲಿ?"

ಭಜಿ ಖಾರ ಇತ್ತು. ಇಬ್ಬರೂ ಕಣ್ಣು ಒರೆಸಿಕೊಂಡೆವು.

ಅಲ್ಲಿಂದ ಸೀದಾ ಅಬ್ಬಿಗೇರಿಗೆ ಹೋದೆ. ಹುಡುಗಿ ಒಲ್ಲೆ ಅಂತಾಳೆ ಅಂದರೆ ಅಣ್ಣ ಮೊದಲು ಅವಳ ಹಾಸ್ಟೆಲ್ ಬಿಡಿಸುತ್ತಾನೆ, ಆಮೇಲೆ ಬೇರೆ ಗಂಡು ನೋಡುತ್ತಾನೆ. ಅದಕ್ಕೆ ನಾನೇ ಒಲ್ಲೆ ಅಂದೆ.

"ನನ್ನ ಮಗಳಿಗೆ ಏನ ಕಡಿಮಿ ಆಗೈತಿ?" ಅಂದ ಅಣ್ಣ.

"ಕಡಿಮಿ ಆಗಿಲ್ಲೋ ಅಣ್ಣಾ. ನಮ್ಮ ಮಂಜ್ಯಾಗ ಹೆಚ್ಚಾಗ್ಯಾಳ. ಓದಸು ಅಕಿನ್ನ."

"ಹೆತ್ತ ಮಗನ್ನ ಹಿಂಗ ಅಂತೀಯೇನ?"

"ನಾ ಅನ್ಲಿಲ್ಲಂದ್ರ ಯಾರ ಅನಬೇಕು?"

ಅಣ್ಣ ಟವೆಲ್ ಜಾಡಿಸಿ ಹೆಗಲಿಗೆ ಹಾಕಿ ಹೊಲಕ್ಕೆ ಹೋದ. ಅವನ ಹೆಂಡತಿ, ನಮ್ಮ ವೈನಿ, ಕುಂಕುಮ ಹಚ್ಚಿದರು. ತವರಿಗೆ ಬಂದವಳಿಗೆ ಕೊಡುವ ಕುಬಸದ ಖಣ ಕೊಡಲಿಲ್ಲ. ತವರಿನಿಂದ ಬರಿಗೈಯಲ್ಲಿ ಬಂದದ್ದು ಅದೇ ಮೊದಲು.

ಮನೆಗೆ ಬಂದರೆ ನಮ್ಮವರೂ ಮಾತು ಬಿಟ್ಟರು. ಮಂಜುನಾಥ "ಹೌದಾ" ಅಂದ.

ಶ್ರಾವಣ ಬಂತು. ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಿ ಜೋಕಾಲಿ ಕಟ್ಟಿ ಕೊಡುವುದು ನಮ್ಮ ಕಡೆ ಭಾಳ ದೊಡ್ಡ ಮಾತು. ನನ್ನ ಮದುವೆಯಾದಾಗಿನಿಂದ ಅಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ.

ಈ ಸಲ ಬರಲಿಲ್ಲ.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಚೀಲ ಹಿಡಿದು ತವರಿಗೆ ಹೋದರು. ಕೇಳಿದವರಿಗೆಲ್ಲ ಮೊಣಕಾಲು ನೋವು ಅಂದೆ. ಹಬ್ಬದ ಹಿಂದಿನ ದಿನ ಒಬ್ಬಳೇ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೇನೆ, ಬಾಗಿಲಲ್ಲಿ ಭೀಮಿ. ಅವಳ ಹಿಂದೆ ಅಶ್ವಿನಿ.

"ಪಂಚಮಿಗೆ ಕರಿಯಾಕ ಬಂದೀವಿ. ಲಗೂ ತಯಾರಾಗು" ಅಂದಳು ಭೀಮಿ.

"ನಿಮ್ಮಪ್ಪ ಕಳಿಸಿದನೇನು?"

"ಇಲ್ಲ. ನಾವ ಹೊಂಟೀವಿ ಅಂತ ಅಪ್ಪಗ ಹೇಳೀವಿ. ಅವ ಏನೂ ಅನ್ನಲಿಲ್ಲ."

"ಬರೂ ಮುಂದ ಜೋಕಾಲಿ ಹಗ್ಗ ಬಿಗಿಯಾಕತ್ತಿದ್ದ" ಅಂದಳು ಅಶ್ವಿನಿ. "ಯಾರಿಗೆ ಅಂತ ನಾವು ಕೇಳಲಿಲ್ಲ."

ಉಂಡಿ ಡಬ್ಬಿಗೆ ತುಂಬಿ ಹೊರಟೆ. ಮೊಣಕಾಲು ನೋವಿನವಳು ಓಡುತ್ತಾ ಬಸ್ ಹತ್ತಿದ್ದನ್ನು ಪಕ್ಕದ ಮನೆಯವರು ನೋಡಿದರು.

ಅಬ್ಬಿಗೇರಿಯಲ್ಲಿ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. "ಬಂದಿ?" ಅಂದ. "ಬಂದೆ" ಅಂದೆ. ನನ್ನ ಚೀಲ ಎತ್ತಿಕೊಂಡು ಒಳಗೆ ಹೋದ.

ಅಶ್ವಿನಿಯ ಬಿಎಡ್‌ಗೆ ಅವನು ಇನ್ನೂ ಹೂಂ ಅಂದಿಲ್ಲ. ಆದರೆ ಧಾರವಾಡದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಹೇಗಿರುತ್ತದೆ ಅಂತ ಊರೆಲ್ಲ ಕೇಳುತ್ತಿದ್ದಾನಂತೆ.

ನಿಮ್ಮ ಕಡೆ ಪಂಚಮಿಗೆ ಅಣ್ಣ ಬರದಿದ್ದರೆ ಯಾರು ಬರುತ್ತಾರೆ?