ಜೋಮು ಹಿಡಿಯುವ ಜಾಗ

ನನ್ನ ಪಾದಗಳಿಗೆ ಈಗ ಏನೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ. ಒಮ್ಮೆ ಗಾಜಿನ ಚೂರು ಹೊಕ್ಕು, ಅದರ ಮೇಲೇ ಇಡೀ ದಿನ ಓಡಾಡಿ, ಸಂಜೆ ನೆಲದ ಮೇಲೆ ರಕ್ತದ ಗುರುತು ನೋಡಿ ಯಾರದಪ್ಪ ಇದು ಎಂದುಕೊಂಡಿದ್ದೆ. ಅಂದಿನಿಂದ ಮೊಮ್ಮಗಳು ದಿನಾ ಸಂಜೆ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊಬೈಲಿನ ಬೆಳಕು ಬಿಟ್ಟು ಅಂಗಾಲು ನೋಡುತ್ತಾಳೆ. ಡಾಕ್ಟರು ಹೇಳಿದ ಕೆಲಸ. ಅದಕ್ಕೆ ಪ್ರೀತಿ ಗೀತಿ ಅಂತ ಹೆಸರಿಡುವುದು ಬೇಡ.

ಅವಳು ನನ್ನ ಮಗಳ ಮಗಳು. ಮಗಳು ತೀರಿಕೊಂಡ ಮೇಲೆ ದಟ್ಟಗಳ್ಳಿಯ ಮನೆಯಲ್ಲಿ ನಾವಿಬ್ಬರೇ. ಮಗಳು ಹೋದಾಗ ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಜನ ಏನೇನೋ ಅಂದರು, ಅನ್ನಲಿ. ಮೊಮ್ಮಗಳು ಅತ್ತಳೋ ಇಲ್ಲವೋ, ನಾನು ನೋಡಲಿಲ್ಲ. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಉಳಿದ ಹೊತ್ತೆಲ್ಲ ಒಂದು ಪಂದ್ಯದ ತಯಾರಿ. ಮೊದಲು ಈಜಬೇಕಂತೆ, ಆಮೇಲೆ ಸೈಕಲ್ಲು, ಆಮೇಲೆ ಓಟ. ನಡುವೆ ಕೂರುವ ಹಾಗಿಲ್ಲ. ಯಾರು ಅಟ್ಟಿಸಿಕೊಂಡು ಬರುತ್ತಾರೆ ಎಂದು ಕೇಳಿದ್ದೆ. ನಕ್ಕಿದ್ದಳು.

ಆ ಪಂದ್ಯದ ಸೈಕಲ್ಲೇ ಬೇರೆ. ನೆಟ್ಟಗೆ ಕೂತು ಬೆಲ್ಲು ಹೊಡೆದುಕೊಂಡು ಹೋಗುವಂಥದ್ದಲ್ಲ. ಮುಂದೆ ಎರಡು ಕೊಂಬು, ಕೊಂಬಿನ ಬುಡದಲ್ಲಿ ಮೆತ್ತೆ. ಮೆತ್ತೆಯ ಮೇಲೆ ಮೊಣಕೈ ಊರಿ, ಬೆನ್ನು ಉದ್ದಕ್ಕೆ ಚಾಚಿ, ತಲೆ ತಗ್ಗಿಸಿ, ಗೋಡೆಯ ಮೇಲಿನ ಹಲ್ಲಿಯ ಹಾಗೆ ಹೋಗಬೇಕು. ಗಾಳಿ ತಡೆಯಬಾರದು ಎಂದು. ಗಂಟೆಗಟ್ಟಲೆ ಹಾಗಿರಬೇಕಾದರೆ ಸೈಕಲ್ಲು ಮೈಗೆ ಹೊಂದಬೇಕು. ಅವಳಿಗೆ ಯಾವುದೂ ಹೊಂದಲಿಲ್ಲ. ಒಂದನ್ನು ಕೊಂಡು ಮಾರಿದಳು. ಗೆಳತಿಯದೊಂದನ್ನು ತಂದು ವಾಪಸು ಕೊಟ್ಟಳು. ಆಮೇಲೆ ಲಕ್ಷ್ಮೀಪುರಂನ ಅಂಗಡಿಯವನು, ಯಾರೋ ಮಾರಲು ಬಿಟ್ಟುಹೋಗಿದ್ದ ಕೆಂಪು ಸೈಕಲ್ಲೊಂದನ್ನು ಓಡಿಸಿ ನೋಡಿ ಎಂದು ಕೊಟ್ಟ.

"ಇದೂ ಆಗ್ಲಿಲ್ಲ ಅಂದ್ರೆ ಬುಟ್ಬುಡ್ತೀನಿ ಅಜ್ಜಿ. ಈಜೂ ಬೇಡ, ಓಟಾನೂ ಬೇಡ" ಅಂದಳು.

"ಬುಡು. ಯಾರ್ ಬೇಡ ಅಂದ್ರು?"

ಬಾಯಲ್ಲಿ ಹಾಗಂದೆ. ಅವಳು ಅದನ್ನೂ ಬಿಟ್ಟರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳುವುದಕ್ಕೆ ಕಾರಣ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೈ ಜೋಮು ಹಿಡಿಯುತ್ತದೆ ಎಂದು ಅವಳು ಹೇಳುತ್ತಿದ್ದಳು. ಅಂಗಡಿಯವನಿಗೂ ಅದನ್ನೇ ಹೇಳಿದ್ದಳು. ಅವನು ಪ್ರತಿ ಸಲ ಮುಂದಿನ ಮೆತ್ತೆ ಎತ್ತರಿಸುವನು, ಅಗಲಿಸುವನು. ಇವಳು ಮಾತ್ರ ಸೈಕಲ್ಲು ಹೊಡೆದು ಬಂದ ದಿನ ನಿಂತುಕೊಂಡೇ ತಿಂಡಿ ತಿನ್ನುವಳು. ಕೂತರೂ ಒಂದು ಪಕ್ಕಕ್ಕೆ ವಾಲಿ ಕೂರುವಳು. ಕೈ ಜೋಮು ಹಿಡಿದವರು ಯಾರು ಹಾಗೆ ಕೂರುತ್ತಾರೆ?

ಮೆತ್ತೆ ಹೊಲಿದ ಅವಳ ಸೈಕಲ್ ಚಡ್ಡಿಯನ್ನು ಮಿಷನ್ನಿಗೆ ಹಾಕುವಂತಿಲ್ಲ. ಕೈಯಲ್ಲಿ ಒಗೆಯುವವಳು ನಾನು. ಒಂದು ದಿನ ನೋಡಿದರೆ ರಕ್ತ. ಅವಳ ಮುಟ್ಟಿನ ದಿನವಲ್ಲ. ಒಂದೇ ಬಚ್ಚಲಿನ ಮನೆಯಲ್ಲಿ ಅದೆಲ್ಲ ತಿಳಿಯುತ್ತದೆ.

"ಇದೇನೆ ಇದು?"

"ಏನಿಲ್ಲ, ಸೀಟು ಉಜ್ಜಿದೆ. ಅಲ್ಲೂ ಜೋಮು ಹಿಡಿಯುತ್ತೆ."

"ಅಂಗಡಿಯವನಿಗೆ ಹೇಳಿದ್ಯಾ?"

"ಅದನ್ನೆಲ್ಲ ಗಂಡಸ್ರಿಗೆ ಎಂಗೆ ಹೇಳೋದಜ್ಜಿ?"

ಅವಳ ಅಮ್ಮನಿದ್ದಿದ್ದರೆ ಅಮ್ಮನಿಗೆ ಹೇಳುತ್ತಿದ್ದಳು. ನನಗೆ ಹೇಳಲಿಲ್ಲ. ಒಗೆಯುವಾಗ ಸಿಕ್ಕಿತು, ಅಷ್ಟೇ.

ನನ್ನ ಕಾಲಿನ ಡಾಕ್ಟರು ಇರುವುದೂ ಲಕ್ಷ್ಮೀಪುರಂನಲ್ಲೇ. ಅಲ್ಲಿಂದ ಬರುತ್ತಾ ಇಬ್ಬರೂ ಅಂಗಡಿಗೆ ಹೋದೆವು. ಅವಳು ಹಿಂದಿನ ದಿನವೇ ಆ ಕೆಂಪು ಸೈಕಲ್ಲನ್ನು ಅಲ್ಲಿ ಬಿಟ್ಟಿದ್ದಳು. ಅಂಗಡಿಯವನು ಅದನ್ನು ಚಕ್ರ ನಿಂತಲ್ಲೇ ತಿರುಗುವ ಹಾಗೆ ಸ್ಟ್ಯಾಂಡಿಗೆ ಬಿಗಿದಿದ್ದ. ಇವಳು ಹತ್ತಿ ತುಳಿದಳು. ಇಬ್ಬರು ಗಿರಾಕಿಗಳು ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ನನಗೊಂದು ಸ್ಟೂಲು ಕೊಟ್ಟರು.

"ಕೈ ಇನ್ನೂ ಜೋಮು ಹಿಡಿತಿದ್ಯಾ ಮೇಡಂ?"

"ಹೂಂ. ಕೈಯೇ."

ಅವನು ಬಗ್ಗಿ ನೋಡಿ, ಎದ್ದು, ತಲೆ ಕೆರೆದುಕೊಂಡ. "ಇನ್ನೂ ಮೇಲೆತ್ತಿದ್ರೆ ಇದು ಮಾಮೂಲಿ ಸೈಕಲ್ಲೇ ಆಗೋಗುತ್ತೆ. ನಿಮ್ಗೆ ಈ ಥರ ಬಗ್ಗಿ ಓಡ್ಸೋದೇ ಒಗ್ಗಲ್ವೇನೋ. ಬೇಜಾರ್ ಮಾಡ್ಕೋಬೇಡಿ."

"ಸರಿ" ಎಂದು ಇವಳು ಪೆಡಲಿನಿಂದ ಕಾಲು ಬಿಡಿಸಿಕೊಂಡಳು. ಆ ಸರಿ ನನಗೆ ಗೊತ್ತು. ಮಗಳ ಕೊನೆಯ ದಿನ ಆಸ್ಪತ್ರೆಯವರಿಗೂ ಇವಳು ಹೀಗೇ ಸರಿ ಅಂದಿದ್ದಳು.

"ಕೈಯಲ್ಲ ಕಣಪ್ಪ" ಅಂದೆ. "ಅವಳಿಗೆ ಜೋಮು ಹಿಡಿಯೋದು ಕೆಳಗೆ, ಉಚ್ಚೆ ಹುಯ್ಯೋ ಜಾಗದಲ್ಲಿ. ಚರ್ಮ ಕಿತ್ತು ರಕ್ತ ಬತ್ತದೆ. ಚಡ್ಡಿ ಒಗೆಯೋಳು ನಾನು."

ಕಾಫಿ ಕುಡಿಯುವವರು ಲೋಟದೊಳಗೆ ನೋಡಿದರು. ಇವಳು ಮುಖವನ್ನು ಮೆತ್ತೆಗೆ ಒತ್ತಿದಳು, ಕುತ್ತಿಗೆ ಕೆಂಪಾಗಿತ್ತು. ಅಂಗಡಿಯವನು ನಗಲಿಲ್ಲ.

"ಮೊದ್ಲೇ ಹೇಳ್ಬಾರ್ದಾ ಮೇಡಂ? ಗಂಡಸ್ರಿಗೂ ಆಗುತ್ತೆ ಅದು. ಅವ್ರೂ ಕೈ ಅಂತಾನೇ ಹೇಳೋದು."

ಗಿರಾಕಿಗಳಲ್ಲಿ ಒಬ್ಬ ಲೋಟ ಇಟ್ಟು ಹೊರಗೆ ಹೋದ.

ಆಮೇಲೆ ಅಂಗಡಿಯವನು ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಬೆನ್ನನ್ನೂ ತೋಳನ್ನೂ ಟೇಪಿನಲ್ಲಿ ಅಳೆದ. "ಕಾಲು ಗಿಡ್ಡ, ಮೈ ಉದ್ದ. ನಿಂತಿರೋ ಎತ್ತರ ನೋಡಿ ಚಿಕ್ಕ ಸೈಜ್ ಕೊಟ್ಬುಟ್ಟಿದೀನಿ, ನಂದೇ ತಪ್ಪು. ಮುಂದಕ್ಕೆ ಚಾಚೋಕೆ ಜಾಗ ಇಲ್ದೆ ಭಾರವೆಲ್ಲ ಸೀಟಿನ ಮೂತಿ ಮೇಲೆ ಬೀಳ್ತಿದೆ."

ನಮ್ಮ ಹೆಂಗಸರೆಲ್ಲ ಹಾಗೇ. ಕೂತರೆ ಗೌಡಿತಿ, ನಿಂತರೆ ಒರಳುಕಲ್ಲು ಎಂದು ನನ್ನ ಅತ್ತೆ ಆಡಿಕೊಳ್ಳುತ್ತಿದ್ದಳು. ನನ್ನ ಮಗಳೂ ಹಾಗೇ ಇದ್ದಳು.

ಅವನು ಒಳಗಿನಿಂದ ಬಣ್ಣ ಕಿತ್ತ ಕರಿ ಸೈಕಲ್ಲೊಂದನ್ನು ತಂದ. ಕೆಂಪಿನದಕ್ಕಿಂತ ಉದ್ದ. ಸೀಟು ಬಿಚ್ಚಿ, ಮೂತಿ ಸೀಳಿದಂತಿದ್ದ ಬೇರೆ ಸೀಟು ಹಾಕಿ ಮುಂದಕ್ಕೆ ತಳ್ಳಿದ. ಇವಳು ಹತ್ತಿ ಮೊಣಕೈ ಊರಿದಳು. ಬೆನ್ನು ಚಾಪೆ ಬಿಚ್ಚಿದ ಹಾಗೆ ಚಾಚಿಕೊಂಡಿತು.

"ಮಂಡಕಳ್ಳಿ ಕಡೆ ಹೋಗ್ಬಂದು ನೋಡಿ" ಅಂದ ಅವನು. "ಆದ್ರೆ ತಿರ್ಗಾ ಕೈ ಅಂತ ಹೇಳ್ಬೇಡಿ."

ಅದನ್ನು ಆಟೋದಲ್ಲಿ ಹೇಗೋ ತುರುಕಿ ತಂದೆವು. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು. "ಸತ್ತೋಗೋ ಹಂಗಾಯ್ತು ನಂಗೆ."

"ಸತ್ತಿಲ್ವಲ್ಲ."

ಆ ಸಂಜೆ ನನ್ನ ಅಂಗಾಲು ನೋಡಿ ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿ ಹೋಗಿ ಬಂದಳು. ನಾನು ಬಾಗಿಲ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದೆ. ಹೇಗಿತ್ತು ಎಂದು ಕೇಳಲಿಲ್ಲ. ಸೈಕಲ್ಲು ಒರಗಿಸಿ, ನೀರು ಕುಡಿದು, ನನ್ನ ಪಕ್ಕ ಸಿಮೆಂಟಿನ ಮೆಟ್ಟಿಲ ಮೇಲೆ ಕೂತಳು. ವಾಲದೆ, ನೆಟ್ಟಗೆ ಕೂತಳು. ಒಂದು ಹಿಡಿ ಸೊಪ್ಪು ತೆಗೆದುಕೊಂಡು ತಾನೂ ಬಿಡಿಸಿದಳು. ನನಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದೆ, ಅಷ್ಟೇ.

ಸಂಜೆ ನನ್ನ ಕಾಲನ್ನು ತೊಡೆಗೆ ಎಳೆದುಕೊಂಡು ಬೆಳಕು ಬಿಟ್ಟಳು.

"ಮುಳ್ಳು ಹೊಕ್ಕಿದೆ ಅಜ್ಜಿ. ಹೇಳ್ಬೇಕು ತಾನೆ?"

"ಗೊತ್ತಾಗದ್ದನ್ನ ಏನ್ ಹೇಳ್ಲಿ? ನೀನು ಗೊತ್ತಿದ್ದೂ ಹೇಳ್ಲಿಲ್ಲ."

ಅವಳು ಪಿನ್ನಿನಿಂದ ಮುಳ್ಳು ತೆಗೆದಳು. ಅವಳ ಬೆರಳ ತುದಿಯಲ್ಲಿ ಅದನ್ನು ನೋಡಿದೆ. ಕಾಲಿಗೆ ಏನೂ ತಿಳಿಯಲಿಲ್ಲ.

"ಆ ಕರೀದನ್ನೇ ತಗೋತೀನಿ" ಅಂದಳು.

"ತಗೋ."

ಇನ್ನೊಂದು ಕಾಲು ಕೊಡು ಎಂದು ಕೈ ಚಾಚಿದಳು.