ಮುಖವಿಲ್ಲದ ಕುರಿಗಾಹಿ

ಗಾಜಕ್ಕನ ಬೆರಳಲ್ಲಿ ಹೊಸ ಗಾಯವಿಲ್ಲ ಎಂದರೆ ಆ ದಿನ ಅಂಗಡಿಗೆ ರಜೆ ಎಂದೇ ಲೆಕ್ಕ. ಬಚ್ಚಲುಮನೆಯ ಕಿಟಕಿ, ಕಪಾಟಿನ ಬಾಗಿಲು, ಫೋಟೋದ ಚೌಕಟ್ಟು, ಏನೇ ತಂದರೂ ಅಳೆದು, ಕೊಯ್ದು, ಕೂರಿಸಿ ಕೊಡುತ್ತಿದ್ದಳು. ಹೆತ್ತವರು ಇಟ್ಟ ಹೆಸರನ್ನು ಬೀದಿಯವರು ಎಂದೋ ಮರೆತಿದ್ದರು. ಸೊಸೆಯಾಗಿ ಬಂದಾಗ ಅವಳಿಗೆ ಗಾಜೆಂದರೆ ನೀರು ಕುಡಿಯುವ ಲೋಟ, ಅಷ್ಟೇ. ಗಂಡನಿಗೆ ಮರಗೆಲಸ ಒಗ್ಗಿತೇ ಹೊರತು ಗಾಜು ಒಗ್ಗಲಿಲ್ಲ. ಅದನ್ನು ಕಂಡು, ಅಂಗಡಿ ನಡೆಸುತ್ತಿದ್ದ ಮಾವ ಸೊಸೆಯನ್ನೇ ಕರೆದು ಮೇಜಿನ ಮುಂದೆ ನಿಲ್ಲಿಸಿದರು. ಗಾಜನ್ನು ಹೆದರಿಸಬಾರದು, ಅದಕ್ಕೆ ಹೆದರಲೂಬಾರದು ಎಂಬುದು ಅವರು ಕಲಿಸಿದ ಮೊದಲ ಪಾಠ.

ಮಾವ ತೀರಿಕೊಂಡ ಮೇಲೆ ಚರ್ಚಿನ ಬಣ್ಣದ ಕಿಟಕಿಗಳ ರಿಪೇರಿಯೂ ಅವಳ ಪಾಲಿಗೆ ಬಂತು. ಮೂಡಣ ಗೋಡೆಯ ದೊಡ್ಡ ಕಿಟಕಿಯಲ್ಲಿ ಕೆಂಪು ನಿಲುವಂಗಿ ತೊಟ್ಟು, ಹೆಗಲ ಮೇಲೆ ಮರಿ ಹೊತ್ತ ಕುರಿಗಾಹಿ ಇದ್ದ. ಅದರ ಕೆಳಗಿನ ಬೆಂಚು ಅತ್ತೆಯದು. ಬೇರೆ ಯಾರಾದರೂ ಅಲ್ಲಿ ಕೂತರೆ ಅತ್ತೆ ಏನೂ ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಅವರು ಏಳುವವರೆಗೂ ಕೆಮ್ಮುತ್ತಿದ್ದರು.

ಒಂದು ದಿನ ಬಿರುಗಾಳಿ ಬೀಸಿ ಹೊರಗಿನ ಹಳೆಯ ಮರವನ್ನು ಕೆಡವಿತು. ಅದರ ಕೊಂಬೆ ನೇರವಾಗಿ ಕುರಿಗಾಹಿಯ ಎದೆಗೇ ಬಡಿಯಿತು. ಗಾಜಕ್ಕ ಚೂರುಗಳನ್ನೆಲ್ಲ ಬುಟ್ಟಿಗೆ ಆಯ್ದುಕೊಂಡಳು. ಬಿಳಿ ಗಾಜು ಹಾಕಿಸಿ ಮುಗಿಸೋಣ ಎಂದರು ಚರ್ಚಿನ ಸಮಿತಿಯ ಹಿರಿಯರಾದ ನಿವೃತ್ತ ಹೆಡ್‌ಮೇಷ್ಟ್ರು. ಆಗ ಗಾಜಕ್ಕನ ಬಾಯಿಂದ ಅವಳಿಗೇ ತಿಳಿಯದಂತೆ ಮಾತು ಹೊರಬಿತ್ತು.

"ನಾನೇ ಹೊಸ ಚಿತ್ರ ಬರೆದು ಮಾಡಿಕೊಡ್ತೀನಿ."

ಇಷ್ಟು ವರ್ಷವೂ ಅವಳು ಬೇರೆಯವರು ಬರೆದದ್ದಕ್ಕೆ ಬೆಸುಗೆ ಹಾಕಿದವಳು. ಇದು ದಕ್ಕಿದರೆ ತನ್ನದೇ ಎನ್ನುವ ಮೊದಲ ಕಿಟಕಿ. ದಕ್ಕದಿದ್ದರೆ ಬಚ್ಚಲುಮನೆಯ ಗಾಜೇ ಗತಿ. ಫಾದರ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು: ಮಾಡಲಿ, ಒಂದು ಭಾನುವಾರ ಕೂರಿಸಿ ನೋಡೋಣ, ಕೆಳಗೆ ಕೂರುವ ಅಜ್ಜಿ ಒಪ್ಪಿದರೆ ಉಳಿಯಲಿ, ಇಲ್ಲದಿದ್ದರೆ ಬಿಳಿ ಗಾಜು. ಅಂದರೆ ತೀರ್ಪೆಲ್ಲ ಅತ್ತೆಯ ಕೈಗೆ ಹೋಯಿತು.

ಫಾದರ್ ಅವಳಿಗೆ ಚಿತ್ರಗಳ ಪುಸ್ತಕವೊಂದನ್ನು ತೋರಿಸಿ ವಿವರಿಸಿದರು. ಯೇಸುವನ್ನು ಕಣ್ಣು ಮೂಗು ಸಹಿತ ಮನುಷ್ಯನಂತೆಯೇ ಬರೆಯುವುದು ಒಂದು ಬಗೆ. ಅದೇ ಆಕೃತಿಯಿಂದ ಬೇಡದ್ದನ್ನು ಕಳಚುತ್ತ ಹೋಗಿ ನಾಲ್ಕು ಗೆರೆಗೆ ಇಳಿಸುವುದು ಇನ್ನೊಂದು, ಅದನ್ನು ಅಮೂರ್ತ ಅನ್ನುತ್ತಾರೆ. ಯಾವ ಆಕೃತಿಯನ್ನೂ ಹಿಡಿಯದೆ ಬಣ್ಣ ಮತ್ತು ಬೆಳಕನ್ನಷ್ಟೇ ನಂಬಿ ಕಟ್ಟುವುದು ಮೂರನೆಯದು. ಮೂರೂ ಚರ್ಚುಗಳಲ್ಲಿವೆ, ಮೂರರ ಮುಂದೆಯೂ ಜನ ಮೊಣಕಾಲೂರುತ್ತಾರೆ ಎಂದರು.

ಗಾಜಕ್ಕ ಮೊದಲ ಬಗೆಯಲ್ಲಿ ಕೈಯಿಟ್ಟಳು. ಎಷ್ಟು ಸಲ ಅಳಿಸಿ ಬರೆದರೂ ಕುರಿಗಾಹಿಯ ಮುಖ ಗಂಡನ ಮುಖದಂತೆಯೇ ಬರುತ್ತಿತ್ತು.

"ಇವನ ಮುಂದೆ ನಾನು ಕೈ ಮುಗೀಬೇಕಾ?" ಎಂದರು ಅತ್ತೆ. "ಇವನನ್ನ ಹೆತ್ತವಳೇ ನಾನು."

ಎರಡನೆಯದರಲ್ಲಿ ಬಾಗಿದ ಬೆನ್ನಿನ ಗೆರೆ, ಕೋಲಿನ ಗೆರೆ, ಮರಿಗೊಂದು ದುಂಡು ಮಾತ್ರ ಇತ್ತು. ಮುಖ ಎಲ್ಲಿ ಹೋಯಿತು ಎಂದು ಕೇಳಿದ ಅತ್ತೆ ಉತ್ತರಕ್ಕೂ ಕಾಯದೆ ಒಳಗೆ ಹೋದರು. ಆಮೇಲೆ ಊಟಕ್ಕೆ ಕೂತಾಗಲೂ ಸೊಸೆಯೊಡನೆ ಮಾತಿಲ್ಲ, ಕತೆಯಿಲ್ಲ.

ಬೇಸರದಲ್ಲಿ ಗಾಜಕ್ಕ ಬುಟ್ಟಿಯ ಚೂರುಗಳನ್ನು ಮೇಜಿನ ಮೇಲೆ ಸುರಿದು ಹಳೆಯ ಕುರಿಗಾಹಿಯನ್ನು ಜೋಡಿಸಿ ನೋಡಿದಳು. ಮುಖ ಸಿಗಲಿಲ್ಲ. ಮತ್ತೆ ಹುಡುಕಿದಳು. ಆಮೇಲೆ ಫಕ್ಕನೆ ನೆನಪಾಯಿತು. ಮುಖ ಇದ್ದರಲ್ಲವೇ ಸಿಗುವುದು! ಯಾವುದೋ ಕಾಲದಲ್ಲಿ ಮಕ್ಕಳ ಚೆಂಡು ಬಿದ್ದು ಅದು ಒಡೆದಿತ್ತು. ಗಾಜಿನ ಮೇಲೆ ಮುಖ ಬರೆದು ಸುಡುವ ಕುಲುಮೆ ತಮ್ಮಲ್ಲಿಲ್ಲವೆಂದು ಮಾವ ಅಲ್ಲಿ ಬರಿಯ ಹಳದಿ ಗಾಜು ಕೂರಿಸಿದ್ದರು. ಆಲಿಕಲ್ಲಿಗೆ ಮರಿಯ ತಲೆ ಹೋದಾಗಲೂ ಹಾಗೆಯೇ. ಬಿರುಕು ಬಿಟ್ಟಲ್ಲೆಲ್ಲ ಒಂದೊಂದು ಸೀಸದ ಪಟ್ಟಿ. ಹಾಗೆ ಸರಿಮಾಡುತ್ತ ಸರಿಮಾಡುತ್ತ ಕುರಿಗಾಹಿ ಯಾವಾಗಲೋ ಬಣ್ಣವೂ ಗೆರೆಯೂ ಆಗಿಬಿಟ್ಟಿದ್ದ. ಯಾರೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ.

ಹಾಗಾದರೆ ಅತ್ತೆ ಇಷ್ಟು ವರ್ಷ ನೋಡುತ್ತಿದ್ದದ್ದೇನನ್ನು? ಗಾಜಕ್ಕನಿಗೆ ಭಾನುವಾರಗಳು ಕಣ್ಣಿಗೆ ಕಟ್ಟಿದವು. ಕೊನೆಯ ಪ್ರಾರ್ಥನೆಯ ಹೊತ್ತಿಗೆ ಬಿಸಿಲು ಮರದ ತುದಿ ದಾಟಿ ಬರುತ್ತಿತ್ತು. ನಿಲುವಂಗಿಯ ಕೆಂಪು ಬೆಂಚಿನ ಮೇಲೆ ಬೀಳುತ್ತಿತ್ತು. ಅತ್ತೆ ತಲೆ ಎತ್ತಿ ಕಿಟಕಿ ನೋಡಿದ್ದೇ ಇಲ್ಲ. ಆ ಕೆಂಪಿನಲ್ಲಿ ಕೈಯಿಟ್ಟು ಕೂತಿರುತ್ತಿದ್ದರು.

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಡೆಯದೆ ಉಳಿದ ಕೆಂಪು ಚೂರುಗಳನ್ನೆಲ್ಲ ಹಳೆಯ ಎತ್ತರದಲ್ಲೇ ಬರುವಂತೆ ಒಟ್ಟುಗೂಡಿಸಿದಳು. ಸುತ್ತ ನೀಲಿ ಹರಿದು ಬಂತು, ಹಸಿರು ಸೇರಿತು, ಮೇಲೆ ಹಳದಿ ಚೆಲ್ಲಿತು. ಕೋಲಿಲ್ಲ, ಮರಿಯಿಲ್ಲ, ಮನುಷ್ಯನಿಲ್ಲ. ಊಟ ತಣ್ಣಗಾಯಿತು ಎಂದು ಗಂಡ ಕೂಗಿದ್ದೂ ಅವಳ ಕಿವಿಗೆ ಬೀಳಲಿಲ್ಲ.

ಶನಿವಾರ ಸಂಜೆ ಗಂಡನೂ ಅವಳೂ ಸೇರಿ ಕಿಟಕಿ ಕೂರಿಸಿದರು. ಸಂಜೆಗೆ ಆ ಗೋಡೆಗೆ ಬಿಸಿಲಿಲ್ಲ. ಬೆಳಕಿಲ್ಲದ ಬಣ್ಣದ ಗಾಜು ಮಸಿ ಹಿಡಿದ ಬಾಣಲೆಗಿಂತ ಹೆಚ್ಚೇನೂ ಅಲ್ಲ. ಹೆಡ್‌ಮೇಷ್ಟ್ರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಏನಮ್ಮ ಇದು? ಇದರಲ್ಲಿ ಯೇಸುಸ್ವಾಮಿ ಎಲ್ಲಿದ್ದಾರೆ?"

"ನಾಳೆ ಬರ್ತಾರೆ ಸರ್," ಎಂದಳು ಗಾಜಕ್ಕ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಭಾನುವಾರ ಮೊದಲ ಹಾಡಿಗೆ ಜನ ಎದ್ದು ನಿಂತರು. ಕೊನೆಯ ಪ್ರಾರ್ಥನೆಯವರೆಗೆ ಏನೂ ಆಗದು ಎಂದು ಗಾಜಕ್ಕ ಧೈರ್ಯವಾಗಿದ್ದಳು. ಆದರೆ ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹಾಡಿನ ಎರಡನೆಯ ಸಾಲಿಗೇ ಕಿಟಕಿ ಹೊತ್ತಿಕೊಂಡಂತೆ ಬೆಳಗಿತು. ಬಿಸಿಲನ್ನು ತಡೆಯುತ್ತಿದ್ದ ಮರವೇ ಈಗ ಇಲ್ಲವಲ್ಲ! ಎಲ್ಲ ಅಳೆದವಳು ಅದೊಂದನ್ನು ಮರೆತಿದ್ದಳು. ಎಳೆ ಸೂರ್ಯನ ಬಿಸಿಲು ಅಡ್ಡಡ್ಡ ನುಗ್ಗಿ ಬಣ್ಣಗಳನ್ನು ಎದುರು ಗೋಡೆಯವರೆಗೂ ಎಸೆಯಿತು. ಕೆಂಪು ಹೋಗಿ ಬಿದ್ದದ್ದು ಆ ಕಡೆಯ ಕೊನೆಯ ಬೆಂಚಿನಲ್ಲಿದ್ದ ಹೆಡ್‌ಮೇಷ್ಟ್ರ ಬೋಳು ತಲೆಯ ಮೇಲೆ. ಹಾಡುವವರ ದನಿಯಲ್ಲಿ ನಗು ಸೇರಿತು. ಅತ್ತೆಯ ಬೆಂಚಿನ ಮೇಲೆ ಮಾತ್ರ ಏನೂ ಇಲ್ಲ. ಅತ್ತೆ ಖಾಲಿ ಹಲಗೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ್ದರು.

ಮುಗಿಯಿತು ಎಂದುಕೊಂಡಳು ಗಾಜಕ್ಕ. ಆದರೆ ಬೈಬಲ್ ವಾಚನ ಮುಗಿಯುವಷ್ಟರಲ್ಲಿ ಹೆಡ್‌ಮೇಷ್ಟ್ರ ತಲೆ ಮೊದಲಿನಂತಾಯಿತು. ಕೆಂಪು ಪಕ್ಕದ ಹುಡುಗಿಯ ಜಡೆಗೆ ಇಳಿದಿತ್ತು. ಹೊರಗೆ ಸೂರ್ಯ ಏರಿದಂತೆ ಒಳಗೆ ಬಣ್ಣ ಕಿಟಕಿಯ ಕಡೆಗೆ ಹಿಂದೆ ಸರಿಯುತ್ತಿತ್ತು! ಫಾದರ್ ಉಪದೇಶ ಮಾಡುತ್ತಿದ್ದರು, ಕೇಳುವವರು ಯಾರು? ಕೆಂಪು ಹುಡುಗಿಯನ್ನು ಬಿಟ್ಟು ನಡುದಾರಿಗೆ ಇಳಿಯಿತು. ದಾರಿ ದಾಟಿ ದರ್ಜಿಯ ಮೊಣಕಾಲು ಹತ್ತಿತು. ಕೂಸೊಂದು ಅದನ್ನು ಹಿಡಿಯಲು ಅಂಗೈ ಚಾಚಿತು. ಸ್ಥಳ ಬಿಟ್ಟುಕೊಡುವವರಂತೆ ಜನ ತಮಗರಿವಿಲ್ಲದೆ ಸರಿದು ಕೂರುತ್ತಿದ್ದರು. ಗಾಜಕ್ಕ ಬೆಂಚು ಎಣಿಸುತ್ತಿದ್ದಳು. ಇನ್ನೊಂದು ಬೆಂಚು. ಇನ್ನರ್ಧ ಬೆಂಚು.

ಕೊನೆಯ ಪ್ರಾರ್ಥನೆಗೆ ಎಲ್ಲರೂ ತಲೆಬಾಗಿದಾಗ, ಎಂದಿನ ಹೊತ್ತಿಗೆ, ಎಂದಿನ ಜಾಗಕ್ಕೆ ಕೆಂಪು ಬಂದು ಅತ್ತೆಯ ಕೈಯನ್ನು ಮುಚ್ಚಿತು.

ಪೂಜೆ ಮುಗಿದರೂ ಜನ ಹೊರಡಲಿಲ್ಲ. ಹೆಡ್‌ಮೇಷ್ಟ್ರು ಬಂದು, ಏನು ಮಾಡೋಣ, ತೆಗೆಸೋಣವೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಕೈ ಎತ್ತಲಿಲ್ಲ.

"ಮೊದಲೆಲ್ಲ ಅವನು ಸೀದಾ ನನ್ನ ಹತ್ರಾನೇ ಬರ್ತಿದ್ದ," ಎಂದರು. "ಇವತ್ತು ಎಲ್ಲರನ್ನೂ ಮಾತಾಡಿಸ್ಕೊಂಡು ಬಂದ. ನಿಮ್ಮನ್ನೂ ಬಿಡಲಿಲ್ಲ."

ಹೆಡ್‌ಮೇಷ್ಟ್ರು ತಲೆ ಸವರಿಕೊಂಡರು. ಅತ್ತೆ ಬೆಂಚಿನಲ್ಲಿ ಸ್ವಲ್ಪ ಒತ್ತರಿಸಿ ಜಾಗ ಮಾಡಿ, ಅಷ್ಟು ದಿನಗಳ ಮೇಲೆ ಸೊಸೆಯ ಮುಖ ನೋಡಿದರು.

"ಬಾ, ಕೂತ್ಕೋ. ಇನ್ನೂ ಹೋಗಿಲ್ಲ ಅವನು."

ಗಾಜಕ್ಕ ಕೂತಳು. ಗಾಯದ ಬೆರಳುಗಳನ್ನು ಅತ್ತೆಯ ಕೈ ಪಕ್ಕದಲ್ಲಿ, ಕೆಂಪಿನಲ್ಲಿ ಇಟ್ಟಳು.